ಹೆಳವನ ಪುಸ್ತಕದಲ್ಲಿ ಮುದ್ದತ್ತೆ

ನಮ್ಮಪ್ಪ ಪಾಲಣ್ಣನ ಅಕ್ಕ ಮುದ್ದಕ್ಕ, ನನಗೆ ಸೋದರತ್ತೆ. ಐಮಂಗಲದ ಆಸುಪಾಸಿನಲ್ಲಿ ಮದುವೆಯೆಂದರೆ ಮೊದಲ ಅರಿಶಿನ ಅವಳ ಕೈಯಿಂದಲೇ ಆಗಬೇಕು. ಗಟ್ಟಿಮುಟ್ಟಾದ ಗಂಡ, ಐದು ಮಕ್ಕಳು, ಮೂರು ಹಟ್ಟಿಗೆ ಕೇಳುವ ಗಂಟಲು. ಹಾಡು ಮರೆತವರಿಗೆ ಬೈದು ಹೇಳಿಕೊಡುತ್ತಿದ್ದಳು. ಕುರಿ ಕಾಯ್ದು ಸವೆದ ಜೀವಕ್ಕೆ ಇದ್ದ ದೊಡ್ಡಸ್ತಿಕೆ ಅದೊಂದೇ, ಅದನ್ನು ಚೆನ್ನಾಗಿಯೇ ಮೆರೆದಳು.

ಎಪ್ಪತ್ತಾರನೇ ಇಸವಿಯಲ್ಲಿ ನನ್ನ ತಮ್ಮ ಎತ್ತಪ್ಪನಿಗೆ ಹೊಳಲ್ಕೆರೆ ಕಡೆಯ ಹೆಣ್ಣು ಗೊತ್ತಾಯಿತು. ಬೀಗರು ಬಲು ಬಿಗಿ. ಮದುವೆಗೆ ಮೊದಲು ನಮ್ಮ ವಂಶಾವಳಿ ಓದಿಸಬೇಕೆಂದರು. ಮನೆಮನೆಯ ಹುಟ್ಟು, ಮದುವೆ ಬರೆದಿಟ್ಟುಕೊಂಡು ಎತ್ತಿನ ಮೇಲೆ ಊರೂರು ತಿರುಗುವ ಹೆಳವ ಆಗ ಹಿರಿಯೂರಿನಲ್ಲಿದ್ದ. ಅವನನ್ನು ಕರೆಸಿದ್ದು ಅತ್ತೆಯೇ. "ನಮ್ಮಪ್ಪನ ಹೆಸರಿನ ಕೆಳಗೆ ನನ್ನ ಹೆಸರು ಓದ್ತಾನೆ, ಬೀಗರೂ ಕೇಳ್ಲಿ ಬಿಡು" ಎಂದು ಮೊರದ ತುಂಬ ರಾಗಿ ತಂದಿಟ್ಟು ಮುಂದೆಯೇ ಕುಳಿತಳು. ಅಪ್ಪ ಬೇಡ ಎನ್ನಲಿಲ್ಲ. ಇವತ್ತಿಗೂ ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಹೆಳವ ರಾಗವಾಗಿ ಓದಿದ. ತಾತ ಕಾಟಲಿಂಗಪ್ಪ, ಧಾರೆಯೆರೆಸಿಕೊಂಡು ಬಂದ ಹೆಂಡತಿ ಯಲ್ಲಕ್ಕ, ಅವಳ ಮಗ ಪಾಲಣ್ಣ. ಆಮೇಲೆ ಸ್ವರ ತಗ್ಗಿಸಿದ. "ಕಾಟಲಿಂಗಪ್ಪ ಜೋಗಿಮಟ್ಟಿ ಕಡೆ ಕುರಿ ಮೇಯಿಸ್ತಿದ್ದಾಗ ವಿಧವೆ ನಿಂಗಕ್ಕನ ಹೊಟ್ಟೇಲಿ ಒಂದು ಹೆಣ್ಣು, ಮುದ್ದಕ್ಕ. ಧಾರೆ ಇಲ್ಲ, ಕೂಡಿಕೆ ಸೀರೇನೂ ಉಡಿಸಿಲ್ಲ. ಕೂಸನ್ನ ತಂದು ಯಲ್ಲಕ್ಕ ಸಾಕಿದ್ಲು."

ಹತ್ತು ಜನರ ಮುಂದೆ ಆ ವಿಧವೆಗೆ ಸೀರೆ ಉಡಿಸಿ ಕರೆತಂದಿದ್ದರೆ ಕೂಡಿಕೆ ಮದುವೆಯಾದರೂ ಆಗುತ್ತಿತ್ತು. ಅದೂ ಇಲ್ಲದೆ ಹುಟ್ಟಿದವಳು ಮದುಮಗನನ್ನು ಮುಟ್ಟುವಂತಿಲ್ಲ. ಬೀಗರ ಯಜಮಾನ ಎದ್ದು, "ಅರಿಶಿನ ಬ್ಯಾರೆ ಯಾರಾದ್ರೂ ಹಚ್ಲಿ" ಎಂದ. ಅಪ್ಪ ಆಗಲಿ ಎಂದು ತಲೆಯಾಡಿಸಿದ.

ಅತ್ತೆ ಅಪ್ಪನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತೇನೋ?"

"ಅವ್ವ ಸಾಯೋವಾಗ ಹೇಳಿದ್ಲಕ್ಕ."

"ಮತ್ತೆ ನಿನ್ನ ಮಗಳಿಗೆ ನನ್ನ ಕೈಲೇ ಹಚ್ಚಿಸಿದ್ಯಲ್ಲ?"

"ಅವಾಗ ಯಾರೂ ಕೇಳಿರ್ಲಿಲ್ಲ."

ಅತ್ತೆ ಎದ್ದು ನನ್ನ ಹತ್ತಿರ ಬಂದು ನಿಂತಳು. ನಾನಾದರೂ ಅಪ್ಪನಿಗೆ ನಾಲ್ಕು ಮಾತು ಅನ್ನುತ್ತೇನೆಂದು ಕಾದಳು. ನಾನು ಮೊರದಲ್ಲಿದ್ದ ರಾಗಿ ನೋಡಿದೆ. ನನ್ನ ಮದುವೆಯ ಹಿಂದಿನ ದಿನವೇ ಅಪ್ಪ ನನಗೆ ಎಲ್ಲ ಹೇಳಿದ್ದ. ಅವಳಷ್ಟು ಚೆನ್ನಾಗಿ ಹಾಡುವವರು ಬೇರೆ ಯಾರೂ ಸಿಗುವುದಿಲ್ಲವೆಂದು ನಾನು ಅವಳ ಕೈಲೇ ಅರಿಶಿನ ಹಚ್ಚಿಸಿಕೊಂಡಿದ್ದೆ.

"ನಿಂಗೂ ಗೊತ್ತಿತ್ತಾ?" ಎಂದಳು.

"ಹೂಂ ಅತ್ತೆ" ಎಂದೆ.

ಆಮೇಲೆ ಹನ್ನೊಂದು ವರ್ಷ ಬದುಕಿದಳು. ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ.