ಜರ್ಮನಿ ಮನೆತನದ ಬಸವಪ್ರಭು

ಗದಗ-ಬೆಟಗೇರಿ ಕಡೆಯ ಮನೆತನಗಳಿಗೆ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದೆಲ್ಲ ಅಡ್ಡಹೆಸರು ಇರುವಾಗ ತನ್ನದು ಮಾತ್ರ ಒಂದು ದೇಶದ ಹೆಸರು ಎಂದು ಬಸವಪ್ರಭು ಜರ್ಮನಿಗೆ ಚಿಕ್ಕಂದಿನಿಂದಲೂ ಒಳಗೊಳಗೇ ಜಂಬ. ಆ ಜಂಬ ಐವತ್ನಾಲ್ಕನೆಯ ವಯಸ್ಸಿನಲ್ಲಿ ತಲೆಗೇರಿತು.

ಕಾರಣವಿತ್ತು. ಕೊಲ್ಲಿ ದೇಶವೊಂದರ ರುಸೈಲ್ ಎಂಬಲ್ಲಿನ ಕೇಬಲ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಮೇಲೆ, ಮಾರ್ಚ್ ನಂತರ ವೀಸಾ ನವೀಕರಿಸುವುದಿಲ್ಲ ಎಂಬ ಪತ್ರ ಕೈಗೆ ಬಂದಿತ್ತು. ಅಲ್ಲೇ ಹತ್ತಿರದ ಅಲ್ ಖೌದ್‌ನ ಮನೆಯಲ್ಲಿ ಹೆಂಡತಿ ಮಾಧುರಿಗೂ ಹನ್ನೆರಡನೇ ಕ್ಲಾಸಿನ ಮಗಳು ಉಜ್ವಲಾಗೂ ಅದನ್ನು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಪತ್ರವನ್ನು ಕಾರಿನಲ್ಲೇ ತುರುಕಿಟ್ಟು ಬಂದು, ಊಟ ಮಾಡಿ, ಸಾರು ಚೆನ್ನಾಗಿದೆ ಎಂದ. ಅಂದು ಮಾಧುರಿ ಸಾರು ಮಾಡಿರಲೇ ಇಲ್ಲ.

ಅದೇ ವಾರ ಊಟದ ಬಿಡುವಿನಲ್ಲಿ ಮಂಗಳೂರಿನ ಸಹೋದ್ಯೋಗಿ ಗ್ಲಾಡ್ವಿನ್ ಮೊಬೈಲ್ ನೋಡುತ್ತ, "ಹಿರಿಯರು ಜರ್ಮನ್ ಅಂತ ದಾಖಲೆ ತೋರಿಸಿದ್ರೆ ಅಲ್ಲಿಯ ಪೌರತ್ವ ಸಿಗ್ತದಂತೆ. ನಿಮ್ಮ ಹೆಸರಲ್ಲೇ ಉಂಟಲ್ಲ ಮಾರಾಯ್ರೆ!" ಎಂದು ನಕ್ಕ. ಬಸವಪ್ರಭುವಿಗೆ ನಗು ಬರಲಿಲ್ಲ. ಅವನು ಆಗಲೇ ಸಾಕ್ಷಿ ಕೂಡಿಹಾಕತೊಡಗಿದ್ದ. ಮುತ್ತಜ್ಜನಿಗೆ ಬೆಕ್ಕಿನ ಕಣ್ಣಿತ್ತಂತೆ. ಬೆಟಗೇರಿಯಲ್ಲಿ ಜರ್ಮನ್ ಆಸ್ಪತ್ರೆಯೇ ಇದೆ. ಇನ್ನೇನು ಬೇಕು? ಹೊರಡು ಎಂದು ಯಾರೂ ಹೇಳದ ಒಂದು ದೇಶ ಸಿಕ್ಕರೆ, ಆ ಸಿಹಿಸುದ್ದಿಯ ಜೊತೆಗೇ ಪತ್ರದ ಸುದ್ದಿಯನ್ನೂ ಮನೆಯಲ್ಲಿ ಹೇಳಿಬಿಡಬಹುದು ಎಂದುಕೊಂಡ.

ಮರುದಿನದಿಂದ ಕನ್ನಡಿಯಲ್ಲಿ ತನ್ನ ಮೂಗನ್ನು ಪಕ್ಕದಿಂದ ನೋಡಿಕೊಳ್ಳತೊಡಗಿದ. ಮೂಗು ಅಪ್ಪಟ ಬೆಟಗೇರಿಯದು. ಬೆಳಕು ಸರಿಯಿಲ್ಲ ಎಂದು ಸಮಾಧಾನ ಮಾಡಿಕೊಂಡ. ಬೆಳಿಗ್ಗೆ ಎದ್ದು "ಗುಟನ್ ಮಾರ್ಗನ್" ಎಂದರೆ ಮಾಧುರಿ, "ಮೊದ್ಲ ಗ್ಯಾಸ್ ಸಿಲಿಂಡರ್ ತರ್ರಿ," ಎಂದಳು.

ಅಪ್ಪ ಕೇಳಿದ್ದಕ್ಕೆ ಪೌರತ್ವದ ಅರ್ಜಿಯ ವಿವರ ಹುಡುಕಿ ತೆಗೆದವಳು ಉಜ್ವಲಾ. "ಪಪ್ಪಾ, ಪ್ರೂಫ್ ಬೇಕು. ಬರ್ತ್ ಸರ್ಟಿಫಿಕೇಟ್ ಏನಾದ್ರೂ," ಎಂದಳು. ಶುಕ್ರವಾರ ಮೂವರೂ ಸೋಫಾದಲ್ಲಿ ಕೂತು, ಬೆಟಗೇರಿಯಲ್ಲಿದ್ದ ಅವನ ತಾಯಿ ದ್ಯಾಮವ್ವನಿಗೆ ವಿಡಿಯೋ ಕಾಲ್ ಹಚ್ಚಿದರು. ವಿಷಯ ಪೂರ್ತಿ ಕೇಳುವ ಮೊದಲೇ ದ್ಯಾಮವ್ವ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು.

"ಯಪ್ಪಾ, ಜರ್ಮನಿ ಅಂದ್ರ ದೇಶ ಅಲ್ಲೋ, ಜರ್ಮನಿ ಬೋಗಾಣಿ! ನಿಮ್ಮ ಮುತ್ಯಾನ ಅಪ್ಪ ತಲಿ ಮ್ಯಾಲ ಬುಟ್ಟಿ ಹೊತ್ತು ಸಂತಿ ಸಂತಿ ತಿರುಗಿ ಮಾರತಿದ್ದ. ಸಾಲಿ ಮಾಸ್ತರು ಅದನ್ನ ಅಡ್ಡಹೆಸರು ಅಂತ ಬರಕೊಂಡ್ರು."

ಊರ ಕಡೆ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನಿ ಪಾತ್ರೆ ಎನ್ನುವುದು ಬಸವಪ್ರಭುವಿಗೆ ಗೊತ್ತಿಲ್ಲದ್ದೇನಲ್ಲ. ಅದರಲ್ಲೇ ಕಾಯಿಸಿದ ಹಾಲು ಕುಡಿದು ಬೆಳೆದವನು. "ಅಂದ್ರ ನಾ ಜರ್ಮನ್ ಹೌದವ್ವಾ, ಆದ್ರ ಎರಡು ಲೀಟರಿಂದು," ಎಂದು ತಾನೂ ನಕ್ಕ. ಮಾಧುರಿ, ಉಜ್ವಲಾ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಮೊದಲು ನಗು ನಿಲ್ಲಿಸಿದವಳು ದ್ಯಾಮವ್ವ. "ಅಲ್ಲಪಾ, ಈ ವಯಸ್ಸಿನ್ಯಾಗ ಇನ್ನೊಂದು ದೇಶ ಯಾಕ ಬೇಕಾತು ನಿನಗ? ಅಲ್ಲಿ ನೌಕರಿ ಛಲೋ ನಡದೈತಿಲ್ಲೋ?"

ಬಸವಪ್ರಭು ಮೊಬೈಲನ್ನು ಇನ್ನೊಂದು ಕೈಗೆ ಬದಲಿಸಿದ. ಉತ್ತರಕ್ಕೆ ಒಂದು ತಮಾಷೆ ಹುಡುಕಿದ, ಸಿಗಲಿಲ್ಲ.

"ಮಾರ್ಚಿಗೆ ಖಲಾಸ್, ಅವ್ವಾ. ಪತ್ರ ಕೊಟ್ಟು ಹತ್ತೊಂಬತ್ತು ದಿನಾ ಆತು."

ಮಾಧುರಿ ಅವನ ಕೈಯಿಂದ ಮೊಬೈಲ್ ತೆಗೆದು ಮಗಳ ಕೈಗೆ ಕೊಟ್ಟಳು. ಆಮೇಲೆ ಅವನ ಕಡೆ ಪೂರ್ತಿ ತಿರುಗಿ ಕೂತಳು.

"ಹತ್ತೊಂಬತ್ತು ದಿನಾ ನನಗ ಹೇಳಲಿಲ್ಲ. ನಾ ಏನು ಹೊರಗಿನಾಕಿ ಏನ್ರಿ ನಿಮಗ?"