ಹದ ಬಾರದ ಭುಜ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಪೆನ್ಸಿಲ್ ಗೆರೆಗಳಿವೆ. ಮಗಳು ಯುಕೆಜಿಯಿಂದ ಹತ್ತನೇ ತರಗತಿಯವರೆಗೆ ಪ್ರತಿ ಜೂನ್‌ನಲ್ಲಿ ಎಷ್ಟು ಬೆಳೆದಳೆಂದು ನಾನೇ ಹಾಕಿದ ಗುರುತುಗಳು. ನಾನು ಬೆಳೆದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮನ್ನು ಹೀಗೇ ಗೋಡೆಗೆ ನಿಲ್ಲಿಸಿ, ನೆತ್ತಿಯ ಮೇಲೆ ಸ್ಕೇಲಿಟ್ಟು ಅಳೆಯುತ್ತಿದ್ದರು. ಆ ಅಭ್ಯಾಸ ಉಳಿದುಕೊಂಡಿತ್ತು. ಎರಡು ಸಲ ಬಣ್ಣ ಹೊಡೆಸಿದಾಗಲೂ ಆ ಒಂದು ಗೇಣು ಜಾಗವನ್ನು ಬಿಡಿಸಿದ್ದೆ. ಕಳೆದ ವರ್ಷ ಆ ಗೆರೆಗಳ ಮೇಲೆ ನನ್ನದೇ ಬೆರಳುಗಳು ಹತ್ತಬೇಕಾಗಿ ಬಂತು.

ಮೊದಲು ಹೋದದ್ದು ಜಡೆ. ನನಗೆ ನಲವತ್ತೊಂಬತ್ತು ತುಂಬಿತ್ತು, ಮುಟ್ಟು ತನಗೆ ನೆನಪಾದಾಗ ಬರುತ್ತಿತ್ತು. ಒಂದು ಬೆಳಿಗ್ಗೆ ಬಲಗೈ ಹಿಂದಲೆಯವರೆಗೆ ಹೋಗಲೇ ಇಲ್ಲ. ಯಾರೋ ಮೊಣಕೈಯನ್ನು ಹಿಡಿದು ನಿಲ್ಲಿಸಿದ ಹಾಗೆ. ಆಮೇಲೆ ಒಳಲಂಗದ ಲಾಡಿ, ಆಮೇಲೆ ಮೇಲಿನ ಶೆಲ್ಫಿನ ಉಪ್ಪಿನ ಡಬ್ಬ. ಮುದ್ದೆ ತಿರುವುವ ಕೋಲನ್ನು ಎಡಗೈಗೆ ಬದಲಾಯಿಸಿದ ದಿನ ಅತ್ತೆಗೆ ಗೊತ್ತಾಯಿತು.

"ಏನವ್ವಾ, ಹಿಟ್ಟೆಲ್ಲ ಗಂಟು ಗಂಟು. ಯಾರ ಮೇಲೆ ಸಿಟ್ಟು?" ಎಂದರು, ತಟ್ಟೆಯಿಂದ ಒಂದು ಗಂಟನ್ನು ಬೆರಳಲ್ಲಿ ಹಿಸುಕಿ ತೋರಿಸುತ್ತ.

ಹುಣಸೂರಿನ ಡಾಕ್ಟರು ನನ್ನ ಕೈಯನ್ನು ಎತ್ತಲು ನೋಡಿ, ನಾನು ಕಿರುಚುವ ಮೊದಲೇ ಇಳಿಸಿದರು. ಭುಜದ ಕೀಲಿನ ಸುತ್ತ ಒಂದು ಚೀಲ ಇರುತ್ತದಂತೆ. ಅದು ದಪ್ಪವಾಗಿ, ಬಿಗಿದು ಕೂತಿದೆ. ಈ ವಯಸ್ಸಿನ ಹೆಂಗಸರಲ್ಲಿ ಹೆಚ್ಚು, ಶುಗರ್ ಇದ್ದರೆ ಇನ್ನೂ ಹೆಚ್ಚು. ನನಗೆ ಎರಡೂ ಇತ್ತು. "ಬಿಡುತ್ತೆ. ಆದ್ರೆ ವರ್ಷ ಆಗಬಹುದು, ಎರಡೂ ಆಗಬಹುದು" ಎಂದರು.

ನನ್ನ ಹತ್ತಿರ ಇದ್ದದ್ದು ನಾಲ್ಕು ತಿಂಗಳು. ಮಿರ್ಲೆಗೆ ಕೊಟ್ಟ ಮಗಳಿಗೆ ಆಗ ಐದು ತಿಂಗಳು ತುಂಬಿತ್ತು. ದೀಪಾವಳಿ ಕಳೆದ ಮೇಲೆ ಹೆರಿಗೆ, ಮೊದಲ ಬಾಣಂತನ ತವರಿನದು. ಮಣೆಯ ಮೇಲೆ ಕಾಲು ನೀಡಿ ಕೂತು, ಕೂಸನ್ನು ಮೊಣಕಾಲಿನ ಮೇಲೆ ಬೋರಲು ಹಾಕಿಕೊಂಡು, ಒಂದು ಕೈಯಲ್ಲಿ ಕತ್ತು ಹಿಡಿದು, ಇನ್ನೊಂದು ಕೈಯಲ್ಲಿ ಚೊಂಬನ್ನು ಮೇಲಕ್ಕೆತ್ತಿ ನೀರು ಹುಯ್ಯಬೇಕು. ನನಗೆ ಹಾಗೆ ಹುಯ್ಯಲು ಅಮ್ಮ ಇರಲಿಲ್ಲ. ಮಗಳಿಗೆ ನಾನಿರುತ್ತೇನೆ ಎಂದು ಅವಳು ಹುಟ್ಟಿದ ವಾರವೇ ಅಂದುಕೊಂಡಿದ್ದೆ.

ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟರು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ನಡೆಸುತ್ತ ಮೇಲಕ್ಕೆ ಹೋಗುವುದು, ಬಿಗಿ ಬಂದಲ್ಲಿ ನಿಲ್ಲುವುದು. ಗೆರೆಗಳಿದ್ದ ಗೋಡೆಯನ್ನೇ ಆರಿಸಿಕೊಂಡೆ. ಮೊದಲ ದಿನ ಎರಡನೇ ತರಗತಿಯಲ್ಲಿ ನಿಂತೆ.

ಮೆಡಿಕಲ್ ಸ್ಟೋರಿನಿಂದ ಕೊಲಾಜನ್ ಪುಡಿಯ ಡಬ್ಬ ತಂದೆ. ಕೀಲು, ಚರ್ಮ, ಮೂಳೆಗಳನ್ನು ಹಿಡಿದಿಡುವ ಕಟ್ಟುಗಳೆಲ್ಲ ಅದರಿಂದಲೇ ಆದವು ಎಂದು ಡಬ್ಬದ ಮೇಲೆ ಬರೆದಿತ್ತು. ಕುಡಿದದ್ದೆಲ್ಲ ಭುಜಕ್ಕೇ ಹೋಗಿ ಕೂರುತ್ತದೆಂದು ಹೇಳಲಾಗದು ಎಂದಿದ್ದರು ಡಾಕ್ಟರು. ಆದರೂ ದಿನಾ ಕುಡಿದೆ. ಅತ್ತೆ ಮುಚ್ಚಳ ತೆಗೆದು ಮೂಸಿದರು.

"ಮೀನಿನ ಚರ್ಮವಂತೆ, ಅದಕ್ಕೆ ಹಣ್ಣಿನ ವಾಸ್ನೆ ಕಟ್ಟವ್ರೆ. ನಮ್ಮ ಕಾಲ್‌ಸೂಪ್ಗೇನು ರೋಗ ಬಂದಿತ್ತು?"

ಮಾರನೇ ದಿನವೇ ಮೇಕೆಕಾಲು ತರಿಸಿ ಬೇಯಿಸಿದರು. ಉಳಿದ ಸೂಪು ಫ್ರಿಜ್ಜಿನಲ್ಲಿ ಬೆಳಿಗ್ಗೆಯ ಹೊತ್ತಿಗೆ ಗಟ್ಟಿಯಾಗಿ, ಪಾತ್ರೆ ಅಲುಗಿಸಿದರೆ ನಡುಗುತ್ತಿತ್ತು. ಆ ನಡುಕವನ್ನು ನೋಡುತ್ತ ನಿಲ್ಲುತ್ತಿದ್ದೆ. ಇಷ್ಟು ಮೆತ್ತಗಿನದು ನನ್ನೊಳಗೆ ಯಾಕೆ ತೊಗಲಾಯಿತು?

ವಾರಕ್ಕೆರಡು ಬೆಳಿಗ್ಗೆ ಹುಣಸೂರಿಗೆ ಬಸ್ಸಿನಲ್ಲಿ ಹೋಗಿ ಯೋಗಕ್ಕೂ ಸೇರಿದೆ. ಕಲಿಸುತ್ತಿದ್ದವರು ರಿಟೈರಾದ ಡ್ರಿಲ್ ಮೇಷ್ಟರು. ಹಳೇ ಸೀರೆಯ ಅಂಚನ್ನು ಪಟ್ಟಿ ಮಾಡಿ, ಬೆನ್ನ ಹಿಂದೆ ಹಿಡಿದು ಮೆಲ್ಲಗೆ ಎಳೆಯಬೇಕಿತ್ತು. ನಾನು ಹಲ್ಲು ಕಚ್ಚಿ ಎಳೆಯುವುದನ್ನು ಅವರು ಒಂದು ದಿನ ಕಂಡರು.

"ನಿಮ್ದು ಹೊಗೆಸೊಪ್ಪಿನ ಮನೆ ಅಲ್ವೇನಮ್ಮ? ಬ್ಯಾರನ್ನಿನ ಬೆಂಕಿ ಆರಿದ ತಕ್ಷಣ ಎಲೆ ಮುಟ್ತೀರಾ?"

"ಇಲ್ಲ ಸಾರ್. ಪುಡಿಯಾಗುತ್ತೆ."

"ಮತ್ತೆ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಕೆಲಸ ನನಗೆ ಇಪ್ಪತ್ತೈದು ವರ್ಷದಿಂದ ಗೊತ್ತು. ಶಾಖದಲ್ಲಿ ಎಲೆ ಬೇಯಿಸಿ ಒಣಗಿಸುವ ಮನೆಯೇ ಬ್ಯಾರನ್ನು. ಎಲೆ ಬೆಂದ ಮೇಲೆ ಅದರ ಬಾಗಿಲು ತೆರೆದಿಟ್ಟು, ಇಬ್ಬನಿಯ ತೇವ ಕುಡಿಯಲು ಬಿಡಬೇಕು. ತೇವ ಹಿಡಿದ ಎಲೆ ಬಟ್ಟೆಯ ಹಾಗೆ ಮಡಚುತ್ತದೆ. ಅದನ್ನೇ ಹದ ಬರುವುದು ಎನ್ನುತ್ತೇವೆ. ಕಾಯದೆ ಕೈ ಹಾಕಿದ ಕೂಲಿಯವರನ್ನು ನಾನೇ ಎಷ್ಟು ಸಲ ಗದರಿಲ್ಲ.

ಬೆರಳುಗಳು ಐದನೇ ತರಗತಿಗೆ ಬಂದು ಅಲ್ಲೇ ನಿಂತವು. ಒಂದು ವಾರ, ಎರಡು ವಾರ, ಮೂರು ವಾರ. ಮಗಳ ಫೋನು ಬಂತು.

"ಅಮ್ಮ, ಕೈ ಹೇಗಿದೆ? ನಮ್ಮತ್ತೆ ಕೇಳ್ತಿದ್ರು. ಕಷ್ಟ ಆದ್ರೆ ಇಲ್ಲೇ ಬಾಣಂತನ ಮಾಡ್ತೀನಿ ಅಂತಾರೆ."

"ಆಗಲೇ ಎಂಟನೇ ಕ್ಲಾಸು ಮುಟ್ಟಿದೀನಿ ಕಣೇ."

"ನಿಜವಾಗ್ಲೂ?"

"ನೀನು ಬಾ, ನೋಡುವಂತೆ."

ಫೋನಿಟ್ಟ ಮೇಲೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದಾಗ ಆಗುತ್ತಿದ್ದ ಹಾಗೇ. ಆ ಸುಳ್ಳನ್ನು ನಿಜ ಮಾಡಲೇಬೇಕೆಂದು ಹೊರಟಿದ್ದೇ ನನ್ನ ತಪ್ಪು.

ಅವತ್ತು ಮಧ್ಯಾಹ್ನ ಬ್ಯಾರನ್ನಿನಿಂದ ಎಲೆ ಇಳಿಸಿ ಆಗಿತ್ತು. ಮುಂದಿನ ಸರತಿಯ ಎಲೆಗೆಂದು ಶಾಖ ಹರಿಯುವ ಕೊಳವೆಗಳನ್ನು ನೋಡಲು ನಮ್ಮ ಯಜಮಾನರು ಬೆಂಕಿ ಹಚ್ಚಿ ಆರಿಸಿದ್ದರು, ಒಳಗೆ ಒಲೆಯ ಹೊಟ್ಟೆಯಂಥ ಬಿಸಿ. ನೋವಿಗೆ ಶಾಖ ಒಳ್ಳೆಯದಲ್ಲವೇ ಎಂದುಕೊಂಡೆ. ಎಲೆ ಕಟ್ಟಿದ ಕಡ್ಡಿಗಳನ್ನು ನೇತುಹಾಕುವ ಗಳಗಳಲ್ಲಿ ತೀರಾ ಕೆಳಗಿನದು ನನ್ನ ತಲೆಗಿಂತ ಒಂದು ಮೊಳ ಮೇಲೆ. ಕುಕ್ಕೆಯನ್ನು ಬೋರಲು ಹಾಕಿ ಹತ್ತಿದೆ. ಎಡಗೈಯಿಂದ ಗಳ ಹಿಡಿದೆ, ಬಲಗೈಯನ್ನು ಗೋಡೆಗೆ ಒತ್ತಿ ಒತ್ತಿ ಹತ್ತಿಸಿ, ಕಣ್ಣು ಕತ್ತಲೆಯಾದರೂ ಬಿಡದೆ, ಅದರಲ್ಲೂ ಹಿಡಿದೆ. ಮೈಭಾರ ಕೀಲನ್ನು ಬಿಡಿಸಲಿ ಎಂದು ಕುಕ್ಕೆಯಿಂದ ಕಾಲು ತೆಗೆದೆ.

ಒಣಗಿದ ಎಲೆ ಮುರಿದಂಥ ಸದ್ದು. ನನ್ನ ಒಳಗಿಂದ ಬಂತು.

ಅತ್ತೆ ಓಡಿ ಬಂದಾಗ ನಾನು ನೆಲದಲ್ಲಿ ಕೂತು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡಿದ್ದೆ. ಅವರು ಕುಕ್ಕೆ ನೋಡಿದರು, ಗಳ ನೋಡಿದರು. "ಇಂಗೂ ಮಾಡ್ತಾರಾ ನನ್ನವ್ವಾ" ಎಂದು ಪಕ್ಕದಲ್ಲೇ ಕುಕ್ಕರಿಸಿ, ಸೆರಗಿನಿಂದ ನನ್ನ ಮುಖ ಒರೆಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭುಜದ ಮೂಳೆ ಹಿಡಿದಿಡುವ ಕಟ್ಟು ಹರಿದಿದೆ ಎಂದರು ಡಾಕ್ಟರು. ಕೈಯನ್ನು ಕೊರಳಿಗೆ ತೂಗುಹಾಕಿ ಕಳಿಸಿದರು. ಬೀಗಿತಿಗೆ ಫೋನು ಮಾಡಿ, "ಅವಳು ನಿಮ್ಮಲ್ಲೇ ಇರಲಿ" ಎಂದು ನಾನೇ ಹೇಳಿದೆ. ಅಷ್ಟು ಹೇಳಲು ಮೂರು ಸಲ ಫೋನು ಮಾಡಿ ಕತ್ತರಿಸಿದ್ದೆ.

ಹೆರಿಗೆಯಾದ ಒಂಬತ್ತನೇ ದಿನ ಮಿರ್ಲೆಗೆ ಹೋದೆ. ಹೆಣ್ಣುಮಗು. ಬೀಗಿತಿ ಬಚ್ಚಲಲ್ಲಿ ಕಾಲು ನೀಡಿ ಕೂತು ನೀರು ಹುಯ್ಯುತ್ತಿದ್ದರು, ಚೊಂಬು ಸಲೀಸಾಗಿ ಮೇಲೇಳುತ್ತಿತ್ತು. ನಾನು ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆಮೇಲೆ ಮಗುವನ್ನು ಒರೆಸಿ, ಸುತ್ತಿ, ಮಗಳ ಮಂಚದ ಪಕ್ಕಕ್ಕೆ ತಂದು ನನ್ನ ಎಡತೋಳಿಗೆ ಕೊಟ್ಟರು. ಬಲಗೈಯನ್ನು ಕತ್ತಿನ ಕೆಳಗೆ ತರಬೇಕು ಎನ್ನುವಷ್ಟರಲ್ಲಿ ಪುಟ್ಟ ತಲೆ ಒಂದು ಬೆರಳಿನಷ್ಟು ಹಿಂದಕ್ಕೆ ಜಾರಿತು. ಅಷ್ಟೇ. ಅಷ್ಟರೊಳಗೆ ಮಂಚದಿಂದ ಮಗಳ ಕೈ ಚಾಚಿ ಬಂದು ಅದರ ಕೆಳಗಿತ್ತು.

"ಪರವಾಗಿಲ್ಲ ಅಮ್ಮ" ಎಂದಳು. ಕೈಯನ್ನು ಮಾತ್ರ ತೆಗೆಯಲಿಲ್ಲ.

ಐದನೇ ತಿಂಗಳಿಗೆ ಮಗುವನ್ನು ನಮ್ಮ ಮನೆಗೆ ಕರೆತರುತ್ತಾರೆ. ಇನ್ನು ಏಳು ವಾರ ಇದೆ. ಅಷ್ಟರಲ್ಲಿ ಕೈ ಪೂರ್ತಿ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ದಿನಾ ಬೆಳಿಗ್ಗೆ ಅತ್ತೆ ನನ್ನ ಜಡೆ ಹಾಕಿದ ಮೇಲೆ ಗೋಡೆಯ ಮುಂದೆ ನಿಲ್ಲುತ್ತೇನೆ. ಬೆರಳುಗಳು ಯುಕೆಜಿಯ ಗೆರೆ ದಾಟಿ ಒಂದನೇ ತರಗತಿಯ ಹತ್ತಿರ ಬರುತ್ತವೆ, ಬಿಗಿಯುತ್ತವೆ. ಎಳೆಯುವುದಿಲ್ಲ. ಅಲ್ಲೇ ನಿಂತು, ಸಿಸ್ಟರು ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಹತ್ತು ಎಣಿಸಿ, ಕೈ ಇಳಿಸುತ್ತೇನೆ.