ರಾಜನ ಕೆಂಪು ಕಿವಿ

ಬಾಲ್ಯದಲ್ಲಿ ಓದಿದ ಚಿತ್ರಕಥೆಯ ಮರುಮುದ್ರಣ ಇಂದು ಮನೆಗೆ ಬಂತು. ಮುಖಪುಟದಲ್ಲೇ ‘ಮೂಲದ ಯಥಾಪ್ರತಿ’ ಎಂದು ಬರೆದಿದ್ದಾರೆ. ಶಾಯಿಯ ವಾಸನೆ ನನ್ನನ್ನು ಇಳಕಲ್ಲಿನ ನಮ್ಮ ಮಗ್ಗದ ಮನೆಗೆ ಎಳೆದೊಯ್ದಿತು.

ಸೀರೆ ನೇಯುತ್ತಿದ್ದ ಅವ್ವನ ಪಕ್ಕ ಕುಳಿತು ಇದನ್ನೇ ಓದುತ್ತಿದ್ದೆ. ರಾಜನ ಪೇಟದ ಕೆಂಪು ಬಣ್ಣ ಗೆರೆ ದಾಟಿ ಅವನ ಕಿವಿಗೂ ಮೆತ್ತಿಕೊಂಡಿತ್ತು. “ಬಣ್ಣ ಸರದೈತಿ ನೋಡು,” ಎಂದು ಅವ್ವ ನಗುತ್ತಿದ್ದಳು. ಯಾರಾದರೂ ಇಳಕಲ್ ಸೀರೆ ತೋರಿಸಿದರೆ ಅವಳು ಸೆರಗು ಕೂಡಿಸಿದ ಜಾಗವನ್ನು ತಿರುವಿ, ಕೈಯಿಂದ ಹಾಕಿದ ಗಂಟು ಹುಡುಕುತ್ತಿದ್ದಳು. “ಗಂಟಿಲ್ಲಂದ್ರ ಇದು ನಮ್ಮ ಸೀರಿ ಅಲ್ಲ,” ಎನ್ನುತ್ತಿದ್ದಳು.

ಹೊಸ ಪುಸ್ತಕದಲ್ಲಿ ರಾಜನ ಕಿವಿ ಸ್ವಚ್ಛವಾಗಿದೆ.

“ತಪ್ಪು ತಿದ್ದ್ಯಾರ, ಚೊಲೋನ ಆತಲ್ರಿ?” ಎಂದಳು ಹೆಂಡತಿ.

“ತಿದ್ದಲಿ. ಯಥಾಪ್ರತಿ ಅಂತ ಯಾಕ ಬರೀಬೇಕು?”

ಪುಸ್ತಕ ವಾಪಸ್ ಹೊರಟಿದೆ. ವಾಪಸಾತಿ ಚೀಟಿಯಲ್ಲಿ ಕಾರಣ ಕೇಳಿದ ಜಾಗದಲ್ಲಿ ‘ರಾಜನ ಕಿವಿ ಕೆಂಪಿಲ್ಲ’ ಎಂದು ಬರೆದಿದ್ದೇನೆ.